90ರ ಕಪ್ಲಿಂಗು, ಹತ್ತನೇ ನಂಬರಿನ ಗಾಜು

ಬಣಕಲ್ಲಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ 90ರ ಪಿವಿಸಿ ಕಪ್ಲಿಂಗ್ ಕೊಡಿ ಎಂದರೆ, ಸ್ಪ್ರಿಂಕ್ಲರ್ ಲೈನಿಗೋ ಟ್ಯಾಂಕಿಗೋ ಎಂದು ಕೇಳುತ್ತಾರೆ. ಕ್ಯಾಮೆರಾಕ್ಕೆ ಎಂದು ನಾನು ಹೇಳಿದಾಗ ಮೊದಮೊದಲು ನಗುತ್ತಿದ್ದರು. ಈಗ ನಗುವುದಿಲ್ಲ. "ಸ್ಟುಡಿಯೋದವ್ರಿಗಾ? ರಬ್ಬರ್ ರಿಂಗೂ ಸೇರಿಸಿ ಕೊಡು" ಎಂದು ಹುಡುಗನಿಗೆ ಹೇಳಿ ಲೆಕ್ಕ ಬರೆದುಕೊಳ್ಳುತ್ತಾರೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಗಿಡಕ್ಕೆ ಹೂವಿನ ನೀರು ಹೊಡೆಯಲು ಬೇಕಾದ ಸಾಮಾನು, ಮಳೆಗಾಲದಲ್ಲಿ ನನ್ನ ಲೆನ್ಸಿನ ಮುಂದೆ ಗಾಜು ಹಿಡಿದು ನಿಲ್ಲಿಸುವ ಸಾಮಾನಾಗಿದೆ.

ಯಾಕೆ ಬೇಕಾಯಿತು ಎಂದರೆ, ಸಾಮಾನ್ಯ ಲೆನ್ಸಿನ ಮೂತಿಯ ಒಳಸುತ್ತಿಗೆ ಥ್ರೆಡ್ ಇರುತ್ತದೆ. ಬೇಕಾದ ಫಿಲ್ಟರನ್ನು ಅದಕ್ಕೆ ತಿರುಗಿಸಿ ಕೂರಿಸಿದರೆ ಮುಗಿಯಿತು. ತೀರಾ ಅಗಲದ ಲೆನ್ಸಿಗೆ, ಅಂದರೆ 14 ಮಿಲಿಮೀಟರ್, 12 ಮಿಲಿಮೀಟರ್ ಎನ್ನುವಂಥವಕ್ಕೆ, ಆ ಥ್ರೆಡ್ಡೇ ಇರುವುದಿಲ್ಲ. ಮುಂದಿನ ಗಾಜು ಕಪ್ಪೆಗಣ್ಣಿನ ಹಾಗೆ ಹೊರಗೆ ಉಬ್ಬಿರುತ್ತದೆ. ಅದಕ್ಕೆ ಏಟು ಬೀಳದಿರಲಿ ಎಂದು ಕಂಪನಿಯವರು ದಳದಳವಾದ ಹುಡ್ಡನ್ನು ತೆಗೆಯಲು ಬಾರದ ಹಾಗೆ ಕೂರಿಸಿರುತ್ತಾರೆ. ಪೂರ್ತಿ ಸೈಜಿನ ಸೆನ್ಸರಿನ ಮೇಲೆ 14 ಮಿ.ಮೀ. ಲೆನ್ಸು ಮೂಲೆಯಿಂದ ಮೂಲೆಗೆ 114 ಡಿಗ್ರಿ ನೋಡುತ್ತದೆ. ಅಷ್ಟು ಅಗಲ ನೋಡುವುದರ ಮುಂದೆ ಸಣ್ಣ ಫಿಲ್ಟರ್ ಹಿಡಿದರೆ ಚಿತ್ರದ ನಾಲ್ಕು ಮೂಲೆಯಲ್ಲೂ ಫಿಲ್ಟರಿನ ಅಂಚೇ ಕಾಣುತ್ತದೆ. ಹೋಗಲಿ, ಫಿಲ್ಟರಿಲ್ಲದೆಯೇ ತೆಗೆಯೋಣ ಎಂದರೆ ಮಲೆನಾಡಿನ ಮಳೆಗಾಲದ ಬೆಳಕು ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇದೇನು ಡಿಜಿಟಲ್ ಕಾಲದ ಹೊಸ ತಲೆನೋವಲ್ಲ. ಅಗಲದ ಲೆನ್ಸು ಹುಟ್ಟಿದ ದಿನದಿಂದಲೂ ಅದರ ಮುಂದೆಯೋ ಹಿಂದೆಯೋ ಏನನ್ನಾದರೂ ಅಡ್ಡ ಇಡುವ ಕೆಲಸ ಇದ್ದೇ ಇದೆ. 1859ರಲ್ಲಿ ಥಾಮಸ್ ಸಟ್ಟನ್ ಎಂಬ ಇಂಗ್ಲಿಷಿನವನು ಒಂದು ಲೆನ್ಸು ಮಾಡಿದ. ಎರಡು ದಪ್ಪ ಗಾಜಿನ ಚಿಪ್ಪು, ನಡುವೆ ನೀರು. ಹೌದು, ಬರೀ ನೀರು. ಸುಮಾರು 120 ಡಿಗ್ರಿ ನೋಟ. ಚಿತ್ರ ಬೀಳುವ ಗಾಜಿನ ಪ್ಲೇಟೂ ಬಾಗಿದ್ದೇ ಆಗಬೇಕಿತ್ತು. ಇಂಥ ಲೆನ್ಸಿನಲ್ಲಿ ನಡುವೆ ಬೆಳಕು ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ. ಅದನ್ನು ಸರಿದೂಗಿಸಲು ಸಟ್ಟನ್ ಲೆನ್ಸಿನ ಒಳಗೆ ಚಿಟ್ಟೆಯ ರೆಕ್ಕೆಯ ಆಕಾರದ ತಡೆಯೊಂದನ್ನು ಇಟ್ಟಿದ್ದ.

ಇದೇ ಸಟ್ಟನ್ ಎರಡು ವರ್ಷದ ನಂತರ ಇನ್ನೊಂದು ಕಡೆ ಸಿಗುತ್ತಾನೆ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಗತ್ತಿನ ಮೊದಲ ಬಣ್ಣದ ಛಾಯಾಚಿತ್ರ ತೋರಿಸಿದನಲ್ಲ, ಪಟಾಪಟಿ ರಿಬ್ಬನ್ನಿನ ಆ ಚಿತ್ರ ತೆಗೆದುಕೊಟ್ಟವನು ಸಟ್ಟನ್. ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಬೇರೆಬೇರೆಯಾಗಿ ತೆಗೆದದ್ದು. ಆ ಫಿಲ್ಟರುಗಳಾದರೂ ಏನು? ಗಾಜಿನ ತೊಟ್ಟಿಯಲ್ಲಿ ತುಂಬಿದ ಬಣ್ಣದ ರಾಸಾಯನಿಕ ದ್ರಾವಣ. ತಮಾಷೆಯೆಂದರೆ ಆ ಕಾಲದ ಪ್ಲೇಟಿಗೆ ಕೆಂಪು ಬಣ್ಣ ತಿಳಿಯುತ್ತಲೇ ಇರಲಿಲ್ಲ. ಹಾಗಿದ್ದೂ ಕೆಂಪಿನ ಪ್ಲೇಟಿನಲ್ಲಿ ಚಿತ್ರ ಹೇಗೆ ಬಂತು ಎಂಬುದು ನೂರು ವರ್ಷದ ನಂತರ ಕೊಡ್ಯಾಕಿನ ಸಂಶೋಧಕರು ಕೂತು ಬಿಡಿಸುವವರೆಗೂ ಒಗಟಾಗಿತ್ತು. ಆ ಕೆಂಪು ದ್ರಾವಣ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ಬಿಟ್ಟಿತ್ತು. ರಿಬ್ಬನ್ನಿನ ಕೆಂಪು ಬಣ್ಣ ಅದನ್ನು ಪ್ರತಿಫಲಿಸಿತ್ತು. ಕೈಗೆ ಸಿಕ್ಕಿದ್ದರಲ್ಲಿ ಫಿಲ್ಟರ್ ಮಾಡಿಕೊಳ್ಳುವ ಕಸುಬಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ ಎಂದು ನನ್ನ ಲೆಕ್ಕ. ಅಗಲದ ಲೆನ್ಸು ಮಾಡಿದವನೂ ತೊಟ್ಟಿ ದ್ರಾವಣದ ಫಿಲ್ಟರಿನಲ್ಲಿ ಚಿತ್ರ ತೆಗೆದವನೂ ಒಬ್ಬನೇ.

ಇನ್ನೂ ಸೊಗಸಾದದ್ದು 1900ರಲ್ಲಿ ಜರ್ಮನಿಯ ಗೋರ್ಟ್ಸ್ ಕಂಪನಿಗೆ ಎಮಿಲ್ ಫಾನ್ ಹೋಗ್ ರೂಪಿಸಿದ ಹೈಪರ್‌ಗಾನ್. ಎರಡೇ ಎರಡು ತೆಳು ಅರ್ಧಗೋಲದ ಗಾಜು, 135 ಡಿಗ್ರಿ ನೋಟ. ಮೂಲೆಯ ಕತ್ತಲು ಮಾತ್ರ ಭಯಂಕರ. ಓರೆಯಾಗಿ ಬರುವ ಬೆಳಕು ಕೋನ ಹೆಚ್ಚಿದಂತೆ ಎಷ್ಟು ಬೇಗ ಸೋರಿಹೋಗುತ್ತದೆ ಎಂದರೆ, ನಡುವಿನಿಂದ 60 ಡಿಗ್ರಿ ಆಚೆಗೆ ಬೀಳುವುದು ನಡುವಿನ ಹದಿನಾರನೇ ಒಂದು ಪಾಲು. ಅದಕ್ಕೆ ಅವರು ಮಾಡಿದ ಉಪಾಯ: ಲೆನ್ಸಿನ ಎದುರು ನಕ್ಷತ್ರದ ಆಕಾರದ ಪುಟ್ಟ ತಗಡು. ಫೋಟೋಗ್ರಾಫರ್ ರಬ್ಬರ್ ಬುರುಡೆಯನ್ನು ಒತ್ತಿ ಗಾಳಿ ಊದಿದರೆ ಅದು ಗಿರಗಿರ ತಿರುಗಿ ನಡುವಿನ ಬೆಳಕನ್ನು ತಡೆಯುತ್ತದೆ, ಅಂಚಿನದನ್ನು ಬಿಡುತ್ತದೆ. ಎಕ್ಸ್‌ಪೋಷರ್ ಬಹುಪಾಲು ಆದಮೇಲೆ ತಗಡನ್ನು ಕೆಳಗೆ ಮಡಚಿ ಉಳಿದ ಸ್ವಲ್ಪ ಹೊತ್ತನ್ನು ಪೂರ್ಣಗೊಳಿಸಬೇಕು. ಅಗಲದ ಲೆನ್ಸಿಗೆ ಹಾಕಿದ ಫಿಲ್ಟರುಗಳಲ್ಲಿ ಗಾಳಿಗೆ ತಿರುಗುವ ಫಿಲ್ಟರ್ ಇದೊಂದೇ ಇರಬೇಕು. ನಾನು ಇದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಕೈಯಲ್ಲಿ ಹಿಡಿದು ಒಂದು ಸಲ ಊದಬೇಕೆಂಬ ಆಸೆ ಮಾತ್ರ ಹೋಗಿಲ್ಲ. 1969ರ ಹೊಲೊಗಾನ್ ಎಂಬ 15 ಮಿ.ಮೀ. ಲೆನ್ಸಿಗೂ ಇದೇ ರೋಗ. ತ್ಸೈಸ್‌ನವರು ಅದಕ್ಕೆ ನಡುವೆ ಕಪ್ಪಾಗಿ ಅಂಚಿಗೆ ತಿಳಿಯಾಗುವ ಗಾಜನ್ನು ಜೊತೆಗೇ ಕೊಡುತ್ತಿದ್ದರು.

ಹಾಗಾದರೆ ಮುಂದಿನ ಗಾಜು ಉಬ್ಬಿದ್ದು ಯಾವಾಗ? ಎಸ್‌ಎಲ್‌ಆರ್ ಕ್ಯಾಮೆರಾ ಬಂದಮೇಲೆ. ಅದರೊಳಗೆ ಮೇಲೆ ಕೆಳಗೆ ಆಡುವ ಕನ್ನಡಿಯೊಂದು ಇದೆಯಲ್ಲ, ಅದಕ್ಕೆ ಜಾಗ ಬಿಡಬೇಕಾದರೆ ಅಗಲದ ಲೆನ್ಸನ್ನು ಫಿಲ್ಮಿಗೆ ಅಂಟಿಸಿ ಇಡುವ ಹಾಗಿಲ್ಲ. 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ಕಂಪನಿ 35 ಮಿ.ಮೀ.ನ ರೆಟ್ರೊಫೋಕಸ್ ಲೆನ್ಸು ತಂದಿತು. ಮುಂದೆ ದೊಡ್ಡ ಚದುರಿಸುವ ಗಾಜು, ಹಿಂದೆ ಕೂಡಿಸುವ ಗಾಜು. ಈ ಜೋಡಣೆಯಲ್ಲಿ ಮೂಲೆಯ ಕತ್ತಲು ಬಹಳಷ್ಟು ತಗ್ಗಿತು, ಮುಂದಿನ ಗಾಜು ಹಿಗ್ಗಿತು. ನಕ್ಷತ್ರದ ತಗಡು ಬೇಡವಾಯಿತು, ಥ್ರೆಡ್ಡೂ ಹೋಯಿತು.

ಇಷ್ಟೆಲ್ಲ ಯುರೋಪಿನಲ್ಲಿ ಆಗುತ್ತಿರುವಾಗ ಬಣಕಲ್ಲಿನಲ್ಲಿ ಏನಿತ್ತು ಎಂದು ಕೇಳಬಹುದು. ನಮ್ಮ ದೊಡ್ಡಪ್ಪ ಸ್ಟುಡಿಯೋ ಶುರು ಮಾಡಿದ್ದು ಅರವತ್ತರ ದಶಕದ ಕೊನೆಯಲ್ಲಿ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಕೊಟ್ಟಿಗೆಹಾರದಲ್ಲಿ ರಸ್ತೆ ಕವಲೊಡೆದು ಒಂದು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮಂಗಳೂರಿನ ಕಡೆಗೆ, ಇನ್ನೊಂದು ಕಳಸದ ಕಡೆಗೆ. ಬಸ್ಸು ನಿಲ್ಲುವ ಊರಿನಲ್ಲಿ ಸ್ಟುಡಿಯೋಗೆ ಬರಗಾಲವಿಲ್ಲ. ಮದುವೆ, ಪಾಸ್‌ಪೋರ್ಟ್ ಸೈಜು, ಎಸ್ಟೇಟಿನ ರೈಟರು ಕರೆಸಿ ತೆಗೆಸುವ ಲೈನ್ ಮನೆಯವರ ಗ್ರೂಪ್ ಫೋಟೋ. ರೀಲು ಸಿಕ್ಕರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್‌ನ 'ಇಂದು', ಇಲ್ಲದಿದ್ದರೆ ಯಾರೋ ಹೊರದೇಶದಿಂದ ತಂದದ್ದು. ಆಮದಿನ ಮೇಲೆ ಬಿಗಿ ಇದ್ದ ಕಾಲ. ಫಿಲ್ಟರ್ ಎಂಬುದು ಪೇಟೆಯವರ ಸೊತ್ತು.

ಕಪ್ಪು ಬಿಳುಪಿನಲ್ಲಿ ಆಕಾಶ ಬಿಳಿ ಹಾಳೆಯಾಗಿಬಿಡುತ್ತದೆ. ಮೋಡ ಕಾಣಬೇಕಾದರೆ ಹಳದಿ ಫಿಲ್ಟರ್ ಬೇಕು, ನೀಲಿಯನ್ನು ಅದು ತಡೆದು ಕಪ್ಪಾಗಿಸುತ್ತದೆ. ದೊಡ್ಡಪ್ಪನ ಹಳದಿ ಫಿಲ್ಟರ್ ನಾಟಕದ ಲೈಟಿನವರ ಹತ್ತಿರ ಕೇಳಿ ತಂದ ಜಿಲೆಟಿನ್ ಪೇಪರಿನ ತುಂಡು. ರಟ್ಟಿನ ಬಳೆಯೊಂದರಲ್ಲಿ ಎರಡು ತುಂಡು ಸೇರಿಸಿ ಅಂಟಿಸಿ, ಲೆನ್ಸಿನ ಸುತ್ತ ಸೈಕಲ್ ಟ್ಯೂಬಿನ ಉಂಗುರ ಹಾಕಿ ಬಿಗಿದುಬಿಡುತ್ತಿದ್ದರು. ಅವರ ಕ್ಯಾಮೆರಾದ ಲೆನ್ಸು ಏನೂ ಅಗಲದ್ದಲ್ಲ, ಹಾಗಾಗಿ ಅದು ಸರಿಯಾಗಿಯೇ ಕೂರುತ್ತಿತ್ತು. ಕೆಂಪು ಜಿಲೆಟಿನ್ ಬಗ್ಗೆ ಅವರಿಗೆ ಬೇರೆಯದೇ ನಂಬಿಕೆ: ಕೆಂಪು ಹಾಕಿದರೆ ಮಂಜು ಸೀಳಿಕೊಂಡು ಬೆಟ್ಟ ಕಾಣುತ್ತದೆ ಎಂದು. ಬೇಸಿಗೆಯಲ್ಲಿ ಇದು ನಿಜ. ದೂರದ ಬೆಟ್ಟದ ಮೇಲಿನ ನೀಲಿ ಮಬ್ಬು ಗಾಳಿಯ ಕಣಗಳು ಚದುರಿಸಿದ ನೀಲಿ ಬೆಳಕು. ಕೆಂಪು ಗಾಜು ಅದನ್ನು ಬಿಡುವುದಿಲ್ಲ, ಬೆಟ್ಟ ಚೊಕ್ಕ ಬರುತ್ತದೆ. ಆಷಾಢದ ಮಂಜು ಬೇರೆ. ಅದು ನೀರಿನ ಹನಿ. ಹನಿಯ ಗಾತ್ರ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ, ಯಾವ ಫಿಲ್ಟರಿಗೂ ಜಗ್ಗುವುದಿಲ್ಲ. ದೇವರಮನೆ ಬೆಟ್ಟದ ನೆತ್ತಿಯಲ್ಲಿ ಜುಲೈ ತಿಂಗಳಲ್ಲಿ ಕೆಂಪು ಗಾಜು ಹಿಡಿದು ನಿಂತವನಿಗೆ ಕೆಂಪು ಮಂಜು ಕಾಣುತ್ತದೆ ಅಷ್ಟೆ.

ಕಂಪನಿಯ ಜಿಲೆಟಿನ್ ಫಿಲ್ಟರುಗಳೂ ಇದ್ದವು. ಇಂಗ್ಲೆಂಡಿನ ಫ್ರೆಡ್ರಿಕ್ ರ್‍ಯಾಟನ್ ಹೆಸರಿನವು, 1912ರಲ್ಲಿ ಅವನ ಕಂಪನಿಯನ್ನು ಕೊಡ್ಯಾಕ್ ಕೊಂಡುಕೊಂಡಿತು. ಥ್ರೆಡ್ ಇಲ್ಲದ ಲೆನ್ಸಿಗೆ ಇವೇ ಗತಿಯಾದವು. ಮುಂದೆ ಆಗದಿದ್ದರೆ ಹಿಂದೆ ಹಾಕು ಎಂಬ ಯೋಚನೆ. 14 ಮಿ.ಮೀ. ಲೆನ್ಸುಗಳ ಹಿಂಬದಿಯಲ್ಲಿ ಚೌಕದ ಸಂದು ಬಿಟ್ಟು, ಅದರಳತೆಗೆ ಜಿಲೆಟಿನ್ ಕತ್ತರಿಸಿ ತುರುಕುವ ವ್ಯವಸ್ಥೆಯನ್ನು ಕ್ಯಾನನ್ ಮಾಡಿತು. ನಿಕಾನ್ ತನ್ನ 13 ಮಿ.ಮೀ. ಲೆನ್ಸಿಗೆ ಹಿಂದಿನಿಂದ ಕೂರಿಸುವ 39 ಮಿ.ಮೀ. ಗಾಜುಗಳನ್ನೇ ಕೊಟ್ಟಿತು. ಸಿನಿಮಾದವರು ಬಳಸಿ ಬಿಟ್ಟ ಲೈಟಿನ ಜೆಲ್ ಶೀಟು ಬೆಂಗಳೂರಿನ ಗಾಂಧಿನಗರದ ಕಡೆ ಪರಿಚಯವಿದ್ದವರ ಮೂಲಕ ನಮಗೂ ಸಿಗುತ್ತಿತ್ತು. ಒಂದು ಶೀಟಿನಲ್ಲಿ ಜೀವಮಾನಕ್ಕಾಗುವಷ್ಟು ತುಂಡು. ಬ್ಲೇಡಿನಿಂದ ಕತ್ತರಿಸಬೇಕು, ಕತ್ತರಿಯಿಂದಲ್ಲ. ಕತ್ತರಿ ಅಂಚನ್ನು ಸೊಟ್ಟ ಮಾಡುತ್ತದೆ. ಬೆರಳಚ್ಚು ಬೀಳದಂತೆ ಚಿಮಟದಲ್ಲಿ ಹಿಡಿದು ತೂರಿಸಬೇಕು. ಲೆನ್ಸಿನ ಹಿಂದೆ ಏನೇ ಸೇರಿಸಿದರೂ ಅದರ ದಪ್ಪದ ಸುಮಾರು ಮೂರನೇ ಒಂದು ಪಾಲು ಫೋಕಸ್ಸು ಹಿಂದಕ್ಕೆ ಸರಿಯುತ್ತದೆ. ಜೆಲ್ಲಿನ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು ಎಂದಿಟ್ಟುಕೊಂಡರೂ ಇಷ್ಟು ಅಗಲದ ಲೆನ್ಸಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ರಿಂಗನ್ನು ದೂರದ ಕೊನೆಯ ಗುರುತಿಗೆ ಇಟ್ಟರೆ ಬಲ್ಲಾಳರಾಯನ ದುರ್ಗ ಮಬ್ಬು. ಹತ್ತಿರದ ಕಡೆಗೆ ಒಂಚೂರು ತಿರುಗಿಸಿದರೆ ಕೋಟೆಯ ಕಲ್ಲು ಎಣಿಸಬಹುದು.

ಜಿಲೆಟಿನ್ನಿಗೆ ನಮ್ಮೂರಿನ ಹವೆಯಲ್ಲಿ ಆಯಸ್ಸಿಲ್ಲ. ಅದು ಪ್ರಾಣಿಜನ್ಯ ಅಂಟು, ತೇವ ಕುಡಿಯುತ್ತದೆ. ಜೂನ್ ಮೊದಲ ವಾರದಲ್ಲಿ ನೀಟಾಗಿದ್ದ ಹಾಳೆ ತಿಂಗಳು ಕಳೆಯುವುದರೊಳಗೆ ಹಪ್ಪಳದ ಹಾಗೆ ಮುದುರಿ, ಮೇಲೆ ಬೂಷ್ಟು ಹಿಡಿದಿರುತ್ತದೆ. ಹಾಳೆಗೆ ಹಿಡಿದ ಬೂಷ್ಟು ಲೆನ್ಸಿನ ಗಾಜಿಗೂ ಹಬ್ಬುತ್ತದೆ. ಅದಕ್ಕೇ ಮಲೆನಾಡು, ಕರಾವಳಿಯ ಸ್ಟುಡಿಯೋಗಳಲ್ಲಿ ಒಂದು ಮರದ ಪೆಟ್ಟಿಗೆ, ಅದರೊಳಗೆ ಸದಾ ಉರಿಯುವ 15 ವ್ಯಾಟಿನ ಬಲ್ಬು. ಕರೆಂಟು ನಾಲ್ಕು ದಿನ ಇಲ್ಲದಿದ್ದರೆ ದೊಡ್ಡಪ್ಪ ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿ ಇಳಿಸಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ದೊಡ್ಡಮ್ಮ ಬೈಯುತ್ತಿದ್ದದ್ದು ಅಕ್ಕಿಗಾಗಿ.

ಎಂಬತ್ತರ ದಶಕದಲ್ಲಿ ಸಿಕ್ಕ ಇನ್ನೊಂದು ಬಿಟ್ಟಿ ಫಿಲ್ಟರ್ ನೆನೆದರೆ ಈಗಲೂ ಖುಷಿ. 1984ರಲ್ಲಿ 'ಮೈ ಡಿಯರ್ ಕುಟ್ಟಿಚಾತ್ತನ್' ಎಂಬ ಮಲಯಾಳಂ ಸಿನಿಮಾ ಬಂತು, ಭಾರತದ ಮೊದಲ 3ಡಿ. ಅದನ್ನು ನೋಡಲು ಕೊಡುತ್ತಿದ್ದ ಕನ್ನಡಕದಲ್ಲಿ ಇದ್ದದ್ದು ಪೋಲರಾಯ್ಡ್ ಹಾಳೆ. ಎಡಗಣ್ಣಿಗೊಂದು ದಿಕ್ಕು, ಬಲಗಣ್ಣಿಗೊಂದು ದಿಕ್ಕು. ಕಾಸರಗೋಡಿನ ಕಡೆಯ ನೆಂಟರೊಬ್ಬರು ವಾಪಸ್ ಕೊಡದೆ ಜೇಬಿಗಿಳಿಸಿಕೊಂಡು ಬಂದಿದ್ದರು. ಅದರ ಒಂದು ಕಣ್ಣನ್ನು ಕಿತ್ತು ಲೆನ್ಸಿನ ಮುಂದೆ ಹಿಡಿದು ತಿರುಗಿಸಿದಾಗ, ಮಳೆಯಲ್ಲಿ ನೆಂದು ಬಿಳಿಚಿಕೊಂಡು ಹೊಳೆಯುತ್ತಿದ್ದ ರೋಬಸ್ಟಾ ಎಲೆಗಳು ಒಂದೊಂದಾಗಿ ಹಸಿರಾದವು. ದೊಡ್ಡಪ್ಪ ಮಾತಾಡದೆ ಕನ್ನಡಕದ ಇನ್ನೊಂದು ಕಣ್ಣನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು.

ಎಡ್ವಿನ್ ಲ್ಯಾಂಡ್ ಈ ಹಾಳೆಯನ್ನು ಕಂಡುಹಿಡಿದದ್ದು 1929ರ ಹೊತ್ತಿಗೆ. ಪೇಟೆಯಿಂದ ಬರುವ ಫೋಟೋಗ್ರಾಫರುಗಳು ಪೋಲರೈಸರ್ ಎಂದರೆ ಆಕಾಶ ಕಡುನೀಲಿ ಮಾಡುವ ವಸ್ತು ಎಂದೇ ತಿಳಿದಿರುತ್ತಾರೆ. ಅಗಲದ ಲೆನ್ಸಿನಲ್ಲಿ ಅದು ಕೆಡುತ್ತದೆ. ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶ ಮಾತ್ರ ಕಪ್ಪಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. 114 ಡಿಗ್ರಿ ನೋಡುವ ಲೆನ್ಸಿನೊಳಗೆ ಕಪ್ಪೂ ಬರುತ್ತದೆ, ತಿಳಿಯೂ ಬರುತ್ತದೆ, ಆಕಾಶದ ನಡುವೆ ಮಸಿ ಬಳಿದ ಪಟ್ಟೆ ಕಾಣುತ್ತದೆ. ಅದಕ್ಕೇ ಪುಸ್ತಕಗಳಲ್ಲಿ ಅಗಲದ ಲೆನ್ಸಿಗೆ ಪೋಲರೈಸರ್ ಬೇಡ ಎಂದು ಬರೆದಿರುತ್ತಾರೆ. ಅವರಿಗೆ ಆಕಾಶವಿದೆ, ಸರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮಗೆ ಆಕಾಶವೆಲ್ಲಿದೆ? ನಮಗಿರುವುದು ಎಲೆ. ಕಾಫಿ ಎಲೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬಂಡೆಯ ಹಾವಸೆ, ಎಲ್ಲದರ ಮೇಲೂ ನೀರಿನ ಪದರ, ಅದರಲ್ಲಿ ಬೂದಿ ಆಕಾಶದ ಹೊಳಪು. ಎಲೆಗಳು ನೂರು ದಿಕ್ಕಿಗೆ ಮುಖ ಮಾಡಿರುವುದರಿಂದ ಪಟ್ಟೆ ಗೊತ್ತಾಗುವುದಿಲ್ಲ. ಹೊಳಪು ಕಳೆದು ಹಸಿರು ಉಳಿಯುತ್ತದೆ.

ಇಲ್ಲಿ ತೇಜಸ್ವಿಯವರ ಹೆಸರು ತೆಗೆಯದೆ ಮುಂದೆ ಹೋಗಲು ಆಗುವುದಿಲ್ಲ. ಮೂಡಿಗೆರೆ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಉದ್ದ ಲೆನ್ಸಿನವರಾದದ್ದು ಪೂರ್ಣಚಂದ್ರ ತೇಜಸ್ವಿಯವರಿಂದ. ಅವರು ಹಕ್ಕಿಯ ಹಿಂದೆ ಬಿದ್ದರು, ನಮ್ಮ ಹುಡುಗರೆಲ್ಲ ಹಕ್ಕಿಯ ಹಿಂದೆ ಬಿದ್ದರು. ಕೈಯಲ್ಲಿರುವ ಯಂತ್ರವನ್ನು ಬಿಚ್ಚಿ ನೋಡಲು ಹೆದರಬಾರದು ಎಂಬುದನ್ನೂ ಅವರ ಬರಹ ಓದಿಯೇ ಬಹಳ ಜನ ಕಲಿತದ್ದು. ನಾನೂ ಅವರ ಪುಸ್ತಕ ಓದಿ ಹಾಳಾದವನೇ. ಕೊಟ್ಟಿಗೆಹಾರದಲ್ಲಿ ಈಗ ಅವರ ಹೆಸರಿನ ಪ್ರತಿಷ್ಠಾನವಿದೆ. ಅವರು ತೀರಿಕೊಂಡದ್ದು 2007ರ ಏಪ್ರಿಲ್ 5ರಂದು. ಅದೇ ವರ್ಷದ ಆಗಸ್ಟಿನಲ್ಲಿ ನಿಕಾನ್ 14ರಿಂದ 24 ಮಿ.ಮೀ.ನ ಝೂಮ್ ಲೆನ್ಸನ್ನು ಪ್ರಕಟಿಸಿತು. ಜಗತ್ತಿನ ಲ್ಯಾಂಡ್‌ಸ್ಕೇಪ್ ಫೋಟೋಗ್ರಾಫರುಗಳು ಅದನ್ನು ಹೊಗಳಿದ್ದೇ ಹೊಗಳಿದ್ದು, ಫಿಲ್ಟರ್ ಹಾಕಲಾಗದ್ದಕ್ಕೆ ಬೈದದ್ದೇ ಬೈದದ್ದು. ಆಮೇಲೆ ಕೊರಿಯಾದ ಸಮ್ಯಾಂಗ್ ಕಂಪನಿಯ 14 ಮಿ.ಮೀ. ಲೆನ್ಸು ಬಂತು. ಆಟೋಫೋಕಸ್ ಇಲ್ಲ, ಬೆಲೆ ನಮ್ಮಂಥವರ ಕೈಗೆಟುಕುವಂಥದ್ದು. ನನ್ನ ಕೈಗೆ ಬಂದದ್ದು ಅದೇ, ಸೆಕೆಂಡ್ ಹ್ಯಾಂಡ್.

ಅದರ ಮೂತಿಯ ಹೊರ ಅಳತೆ 87 ಮಿ.ಮೀ. 90ರ ಕಪ್ಲಿಂಗು ಯಾಕೆ ಬೇಕಾಯಿತೆಂದು ಈಗ ತಿಳಿದಿರಬೇಕು. ಕಪ್ಲಿಂಗಿನ ಒಳಮೈಗೆ ಕ್ಯಾರಂ ಬೋರ್ಡಿನ ಕಾಲಿಗೆ ಅಂಟಿಸುವಂಥ ಫೆಲ್ಟ್ ಬಟ್ಟೆ ಅಂಟಿಸಿದರೆ ಲೆನ್ಸಿನ ಮೇಲೆ ಬಿಗಿಯಾಗಿ ಕೂರುತ್ತದೆ. ಹುಡ್ಡಿನ ದಳಗಳಿಗಿಂತ ಕೂದಲಷ್ಟು ಮುಂದೆ ಬರುವ ಹಾಗೆ ಕತ್ತರಿಸಿ ಉಜ್ಜಬೇಕು. ಹೆಚ್ಚು ಉದ್ದ ಬಿಟ್ಟರೆ ಮೂಲೆಯಲ್ಲಿ ಪೈಪು ಕಾಣುತ್ತದೆ. ಕೆಲವರು ಹುಡ್ಡಿನ ದಳಗಳನ್ನೇ ಗರಗಸ ಹಾಕಿ ಹಾರಿಸಿಬಿಡುತ್ತಾರೆ. ನನಗೆ ಅಷ್ಟು ಎದೆಗಾರಿಕೆ ಇಲ್ಲ. ಒಳಗೆಲ್ಲ ಕಪ್ಪು ಬೋರ್ಡಿನ ಪೇಂಟು ಬಳಿಯುವುದು ಮರೆಯಬಾರದು; ಬಿಳಿ ಪಿವಿಸಿಯ ಬೆಳಕು ಗಾಜಿನಲ್ಲಿ ಹಿಂತಿರುಗಿ ಬೆಟ್ಟದ ಮೇಲೆ ಉಂಗುರ ಮೂಡಿಸುತ್ತದೆ. ಮುಂದಿನ ಅಂಚಿಗೆ ಸ್ಪ್ರಿಂಕ್ಲರ್ ಜಾಯಿಂಟಿನ ರಬ್ಬರ್ ರಿಂಗು, ಅದರ ಮೇಲೆ ಗಾಜು, ಗಾಜನ್ನು ಹಿಡಿಯಲು ಎರಡು ದಪ್ಪ ರಬ್ಬರ್ ಬ್ಯಾಂಡು.

ಗಾಜು ಯಾವುದು? ವೆಲ್ಡಿಂಗಿನದು. ಇದೇನು ನಾನು ಕಂಡುಹಿಡಿದದ್ದಲ್ಲ, ದುಡ್ಡಿಲ್ಲದ ಫೋಟೋಗ್ರಾಫರುಗಳು ಎಲ್ಲ ದೇಶದಲ್ಲೂ ಇದನ್ನೇ ಮಾಡಿದ್ದಾರೆ. ನಮ್ಮೂರಿನಲ್ಲಿ ವೆಲ್ಡಿಂಗ್ ಶಾಪಿಗೆ ಕಡಿಮೆಯಿಲ್ಲ. ಪಲ್ಪರ್ ರಿಪೇರಿ, ಗೇಟು, ಜೀಪಿನ ಟಾಪು, ವರ್ಷವಿಡೀ ಕೆಲಸ. ನಮ್ಮ ಸಾಹೇಬ್ರ ಶಾಪಿಗೆ ಹೋಗಿ ಹತ್ತನೇ ನಂಬರಿನ ಗಾಜು ಕೇಳಿದೆ. "ಎಂಥಕ್ಕೆ ಮಾರಾಯ್ರೆ, ಫೋಟೋಕ್ಕೆ ಕಪ್ಪು ಗಾಜು? ಕಾಣುದೇ ಇಲ್ವಲ್ಲ" ಎಂದರು. ಕಾಣದಿರುವುದೇ ಬೇಕಾದದ್ದು ಎಂದೆ. ಚಾರ್ಮಾಡಿಯ ರಸ್ತೆ ಬದಿಯ ಜಲಪಾತವನ್ನು ಅರ್ಧ ಸೆಕೆಂಡಿನಲ್ಲಿ ತೆಗೆದರೆ ನೀರು ನೂಲಾಗುತ್ತದೆ. ಎರಡು ನಿಮಿಷ ಷಟರ್ ತೆರೆದಿಟ್ಟರೆ ನೀರು, ಗಾಳಿಗೆ ಓಡುವ ಮಂಜು, ಎಲ್ಲವೂ ಬೇರೆಯದೇ ಆಗುತ್ತವೆ. ಹಗಲಿನಲ್ಲಿ ಎರಡು ನಿಮಿಷ ತೆರೆದಿಡಬೇಕೆಂದರೆ ಅಷ್ಟು ಕಪ್ಪು ಗಾಜು ಬೇಕು.

ಲೆಕ್ಕ ಸುಲಭ. ಹತ್ತನೇ ನಂಬರಿನ ಗಾಜು ಸುಮಾರು ಏಳು ಸಾವಿರದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ, ನಮ್ಮ ಭಾಷೆಯಲ್ಲಿ ಹದಿಮೂರು ಸ್ಟಾಪಿನ ಹತ್ತಿರ (ಒಂದು ಸ್ಟಾಪೆಂದರೆ ಬೆಳಕು ಅರ್ಧವಾಗುವುದು). ಬರಿ ಲೆನ್ಸಿಗೆ 1/60 ಸೆಕೆಂಡ್ ಸಾಕಾಗುವಲ್ಲಿ ಇದಕ್ಕೆ ಎರಡು ನಿಮಿಷ. ಗಾಜು ಹಾಕಿದಮೇಲೆ ಏನೂ ಕಾಣುವುದಿಲ್ಲವಾದ್ದರಿಂದ ಫ್ರೇಮು, ಫೋಕಸ್ಸು ಎಲ್ಲ ಮೊದಲೇ ಮುಗಿಸಿ ಟೇಪು ಅಂಟಿಸಿಬಿಡಬೇಕು. ಚಿತ್ರ ಪಾಚಿ ಹಸಿರಾಗಿ ಬರುತ್ತದೆ. ಬಿಳಿ ಹಾಳೆಯೊಂದನ್ನು ಇದೇ ಗಾಜಿನ ಮೂಲಕ ತೆಗೆದು ವೈಟ್ ಬ್ಯಾಲೆನ್ಸ್ ಕೂರಿಸಿಕೊಂಡರೆ ಬಹುಪಾಲು ಸರಿಹೋಗುತ್ತದೆ. ಹಟ ಮಾಡುವ ಹಸಿರಿಗೆ ಕಪ್ಪು ಬಿಳುಪೇ ಮದ್ದು.

ಅಗಲದ ಲೆನ್ಸಿನಲ್ಲಿ ಮಾತ್ರ ಕಾಣುವ ಇನ್ನೊಂದು ಕಿತಾಪತಿ ಇದೆ. ಈ ಗಾಜಿನ ಕಪ್ಪು ಅದರ ಮೈಯೊಳಗೇ ಬೆರೆತದ್ದು. ನಡುವಿನಿಂದ ನೇರ ಬರುವ ಕಿರಣಕ್ಕೆ ಗಾಜಿನ ದಪ್ಪ ಎಷ್ಟೋ ಅಷ್ಟು. ಮೂಲೆಯಿಂದ 57 ಡಿಗ್ರಿ ಓರೆಯಲ್ಲಿ ನುಗ್ಗುವ ಕಿರಣ ಗಾಜಿನೊಳಗೆ ಶೇಕಡಾ 20ರಷ್ಟು ಹೆಚ್ಚು ದಾರಿ ನಡೆಯಬೇಕು. ಹದಿಮೂರು ಸ್ಟಾಪಿನ ಶೇಕಡಾ 20 ಎಂದರೆ ಎರಡೂವರೆ ಸ್ಟಾಪು. ಲೆನ್ಸಿನದೇ ಮೂಲೆಯ ಕತ್ತಲಿನ ಮೇಲೆ ಇದೂ ಸೇರಿ ಚಿತ್ರದ ನಾಲ್ಕು ಮೂಲೆಯಲ್ಲಿ ರಾತ್ರಿಯಾಗುತ್ತದೆ. ಹೈಪರ್‌ಗಾನಿನವರು ನಕ್ಷತ್ರ ತಿರುಗಿಸಿ ಅಳಿಸಿದ್ದನ್ನೇ ನಾವು ವೆಲ್ಡಿಂಗ್ ಗಾಜು ಹಾಕಿ ವಾಪಸ್ ತಂದುಕೊಂಡಿದ್ದೇವೆ. ಗಾಜಿನ ಮೇಲ್ಮೈಗೆ ತೆಳು ಲೋಹದ ಲೇಪ ಕೊಟ್ಟ ದುಬಾರಿ ಫಿಲ್ಟರುಗಳಲ್ಲಿ ಈ ಕಾಟ ಕಡಿಮೆ.

ಇದೇ ಗಾಜಿನ ಇನ್ನೊಂದು ಉಪಯೋಗ ಊರಿಗೆಲ್ಲ ಗೊತ್ತು. 1980ರ ಫೆಬ್ರವರಿ 16ರ ಸೂರ್ಯಗ್ರಹಣ ಉತ್ತರ ಕನ್ನಡದ ಅಂಕೋಲದ ಕಡೆಯಿಂದ ನಾಡೊಳಗೆ ಬಂದದ್ದು. ಆ ದಿನ ನಮ್ಮೂರಿನಲ್ಲಿ ಹೆಚ್ಚಿನವರು ಬಾಗಿಲು ಹಾಕಿಕೊಂಡು ಕೂತಿದ್ದರು, ಹೊರಗೆ ಬಂದ ಕೆಲವರು ಎಕ್ಸ್‌ರೇ ಫಿಲಂ ಹಿಡಿದಿದ್ದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕಾಸರಗೋಡು ಜಿಲ್ಲೆಯ ಚೆರುವತ್ತೂರು, ಕೊಡಗಿನ ಕುಟ್ಟದ ಮೇಲೆ ಹಾದುಹೋಯಿತು. ಬಣಕಲ್ಲಿಗೆ ಬಳೆ ಸಿಗಲಿಲ್ಲ, ಬಳೆಯ ಚೂರು ಸಿಕ್ಕಿತು. ಆಗ ನನ್ನ ಹತ್ತನೇ ನಂಬರಿನ ಗಾಜು ಕೇಳಿಕೊಂಡು ಬಂದವರಿಗೆ ಕೊಡಲಿಲ್ಲ. ಕ್ಯಾಮೆರಾಕ್ಕೆ ಹತ್ತು ಸಾಕು, ಕಣ್ಣಿಗೆ ಸಾಲದು. ಸೂರ್ಯನನ್ನು ನೋಡಲು ಹದಿನಾಲ್ಕನೇ ನಂಬರಿನದೇ ಆಗಬೇಕು, ಎಕ್ಸ್‌ರೇ ಫಿಲಂ ನಂಬುವ ಹಾಗೇ ಇಲ್ಲ.

ಕಂಪನಿಗಳೂ ನಿದ್ದೆ ಮಾಡಲಿಲ್ಲ. ಸಿನಿಮಾದವರು ಲೆನ್ಸಿನ ಮುಂದೆ ಮ್ಯಾಟ್ ಬಾಕ್ಸ್ ಕಟ್ಟಿ ಚೌಕದ ಗಾಜು ಇಳಿಸುತ್ತಿದ್ದದ್ದು ಹಳೆಯ ಪದ್ಧತಿ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' ತೆಗೆದ ಕಾಲದಲ್ಲೂ ಸಿನಿಮಾದವರಿಗೆ ಥ್ರೆಡ್ಡಿನ ಹಂಗು ಹೆಚ್ಚು ಇರಲಿಲ್ಲ. 1978ರಲ್ಲಿ ಫ್ರಾನ್ಸಿನ ಜಾನ್ ಕೊಕಾಂ ಅದೇ ಯೋಚನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಗ್ಗವಾಗಿ ಮಾಡಿ ಕೋಕಿನ್ ಎಂದು ಮಾರಿದ. ಉಬ್ಬುಗಣ್ಣಿನ ಲೆನ್ಸುಗಳಿಗಾಗಿಯೇ 150 ಮಿ.ಮೀ. ಅಗಲದ ಗಾಜಿನ ಹೋಲ್ಡರುಗಳು ಬಂದವು. 2018ರಲ್ಲಿ ಕ್ಯಾನನ್ ಲೆನ್ಸು ಮತ್ತು ಕ್ಯಾಮೆರಾದ ನಡುವಿನ ಅಡಾಪ್ಟರಿನೊಳಗೇ ಫಿಲ್ಟರ್ ಇಳಿಸುವ ಸಂದು ಮಾಡಿತು. 2020ರಲ್ಲಿ ನಿಕಾನ್ ತನ್ನ ಹೊಸ 14-24ಕ್ಕೆ ಬಿಚ್ಚಿ ಹಾಕುವ ಹುಡ್ಡು ಕೊಟ್ಟು, ಅದರ ಬಾಯಿಗೆ 112 ಮಿ.ಮೀ. ಥ್ರೆಡ್ ಕೊಟ್ಟಿತು. ಹದಿಮೂರು ವರ್ಷದ ಹಿಂದೆ ಬೈದವರಿಗೆಲ್ಲ ಉತ್ತರ ಸಿಕ್ಕಿತು. ಆ ಅಳತೆಯ ಒಳ್ಳೆಯ ಗಾಜಿನ ಬೆಲೆ ಕೇಳಿದವರು ಮತ್ತೆ ಬೈಯುತ್ತಿದ್ದಾರೆ, ಅದು ಬೇರೆ ವಿಷಯ.

ಈಗಿನ ಹುಡುಗರು ಕೇಳುತ್ತಾರೆ, "ಅಣ್ಣ, ಎರಡು ಎಕ್ಸ್‌ಪೋಷರ್ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿದ್ರೆ ಆಯ್ತಲ್ಲ, ಈ ಪೈಪು ಯಾಕೆ?" ಆಕಾಶಕ್ಕೆ ಸಂಬಂಧಿಸಿದಂತೆ ಅವರ ಮಾತು ಸರಿ. ಮೇಲರ್ಧ ಕಪ್ಪಾದ ಗ್ರ್ಯಾಜುಯೇಟೆಡ್ ಗಾಜನ್ನು ನಾನು ಹೊರಗೆ ತೆಗೆಯುವುದೇ ಬಿಟ್ಟಿದ್ದೇನೆ. ನಮ್ಮ ಬೆಟ್ಟದ ಅಂಚು ನೇರ ಗೆರೆಯಲ್ಲಿ ಇರುವುದೂ ಇಲ್ಲ. ಎರಡು ನಿಮಿಷದ ನೀರನ್ನೂ ನೂರಾರು ಫ್ರೇಮು ಪೇರಿಸಿ ಒಂದು ಮಟ್ಟಿಗೆ ತರಬಹುದು. ಒದ್ದೆ ಎಲೆಯ ಹೊಳಪನ್ನು ಮಾತ್ರ ಆಮೇಲೆ ತೆಗೆಯಲು ಬರುವುದಿಲ್ಲ. ಹೊಳಪಿನ ಕೆಳಗಿನ ಹಸಿರು ಅದರಲ್ಲೇ ಮುಳುಗಿಹೋದ ಮೇಲೆ ಸಾಫ್ಟ್‌ವೇರ್ ಅದನ್ನು ಎಲ್ಲಿಂದ ತರಬೇಕು? ಬಣಕಲ್ಲು, ಕಳಸ, ಚಾರ್ಮಾಡಿಯ ಮಳೆಗಾಲಕ್ಕೆ ಒಂದೇ ಒಂದು ಫಿಲ್ಟರ್ ಇಟ್ಟುಕೊಳ್ಳಿ ಎಂದರೆ ನಾನು ಪೋಲರೈಸರನ್ನೇ ಇಟ್ಟುಕೊಳ್ಳುತ್ತೇನೆ, ಅದೂ ತೀರಾ ಅಗಲದ ಲೆನ್ಸಿನ ಮೇಲೆ, ಪುಸ್ತಕದವರು ಏನೇ ಹೇಳಲಿ.

ಮಳೆಗಾಲದಲ್ಲಿ ಈ ಕಡೆ ಬರುವವರು ಎರಡು ಮಾತು ಕೇಳಿ. ಚಾರ್ಮಾಡಿಯ ತಿರುವಿನಲ್ಲಿ ಟ್ರೈಪಾಡ್ ಊರಿ ಎರಡು ನಿಮಿಷದ ಎಕ್ಸ್‌ಪೋಷರ್ ತೆಗೆಯಬೇಡಿ. ಅದು ಹೆದ್ದಾರಿ, ಮಂಜಿನಲ್ಲಿ ಲಾರಿಯವನಿಗೆ ನೀವು ಕಾಣುವುದಿಲ್ಲ. ಮತ್ತೆ, ಫಿಲ್ಟರ್ ಮರೆತು ಬಂದಿದ್ದರೆ ಬಣಕಲ್ಲಿನಲ್ಲಿ ಗಾಡಿ ನಿಲ್ಲಿಸಿ. ಹಾರ್ಡ್‌ವೇರ್ ಅಂಗಡಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ.